ಕ್ಯಾನ್ಸರ್ ಜೀನೋಮಿಕ್ಸ್ ಮತ್ತು ನರವಿಜ್ಞಾನ: ಎರಡರಲ್ಲೂ ಕೆಲಸ ಮಾಡುವ ಬಯೋಇನ್ಫರ್ಮ್ಯಾಟಿಕ್ಸ್ ಸಂಶೋಧಕರು ದಿನವಿಡೀ ಮಾಡುವುದೇನು?

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಜೈವಿಕ ತಂತ್ರಜ್ಞಾನದ ಎಂ.ಎಸ್ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಪಿಎಚ್.ಡಿ.ಗೆ ಅರ್ಜಿ ಹಾಕುವ ಸಲುವಾಗಿ ಬೇರೆ ಬೇರೆ ಸಂಸ್ಥೆಗಳ ಸಂಶೋಧಕರ ಪರಿಚಯಗಳನ್ನು ಓದುತ್ತಿರುವಾಗ, ಒಬ್ಬರೇ ವ್ಯಕ್ತಿ ಕ್ಯಾನ್ಸರ್ ಜೀನೋಮಿಕ್ಸ್ ಕುರಿತೂ, ಅಪಸ್ಮಾರ ಅಥವಾ ಪಾರ್ಕಿನ್ಸನ್‌ನಂಥ ನರರೋಗಗಳ ಕುರಿತೂ ಪ್ರಬಂಧಗಳನ್ನು ಪ್ರಕಟಿಸಿರುವುದು ಹಲವು ಕಡೆ ಕಣ್ಣಿಗೆ ಬಿತ್ತು. ನಮಗೆ ತರಗತಿಯಲ್ಲಿ ಇವೆರಡನ್ನೂ ಬೇರೆ ಬೇರೆ ಪತ್ರಿಕೆಗಳಾಗಿ ಕಲಿಸಿದ್ದಾರೆ. ಒಂದರಲ್ಲಿ ಜೀವಕೋಶ ಹದ್ದುಮೀರಿ ಬೆಳೆಯುತ್ತದೆ, ಇನ್ನೊಂದರಲ್ಲಿ ಬಹುಪಾಲು ಜೀವಕೋಶ ಸೊರಗುತ್ತದೆ ಅಥವಾ ಸಾಯುತ್ತದೆ. ಹೀಗಿರುವಾಗ ಒಬ್ಬರೇ ಎರಡೂ ಕಡೆ ಕೆಲಸ ಮಾಡಲು ಹೇಗೆ ಸಾಧ್ಯ? ಅವರ ದಿನದ ಕೆಲಸ ಎಂದರೆ ಏನು? ಪ್ರೋಗ್ರಾಮಿಂಗ್ ಮೊದಲು ಕಲಿಯಬೇಕೇ, ಜೀವವಿಜ್ಞಾನವನ್ನು ಇನ್ನಷ್ಟು ಗಟ್ಟಿ ಮಾಡಿಕೊಳ್ಳಬೇಕೇ?

ಮನೆಯಲ್ಲಿ ಅಪ್ಪ, "ಲ್ಯಾಬಿನಲ್ಲೂ ಇರುವುದಿಲ್ಲ, ಆಸ್ಪತ್ರೆಯಲ್ಲೂ ಇರುವುದಿಲ್ಲ, ಕಂಪ್ಯೂಟರಿನ ಮುಂದೆ ಕೂತು ಕ್ಯಾನ್ಸರಿಗೆ ಏನು ಮಾಡುತ್ತಾರಮ್ಮ?" ಎಂದು ಕೇಳಿದರು. ಸರಿಯಾದ ಉತ್ತರ ನನಗೆ ಹೊಳೆಯಲಿಲ್ಲ. ಈ ಕ್ಷೇತ್ರದಲ್ಲಿರುವ ಹಿರಿಯರು ಸ್ವಲ್ಪ ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಎರಡೆಳೆ

ತುಂಗಾತೀರ ಅವರೇ, ನಿಮ್ಮ ತಂದೆಯವರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಮ್ಮ ವಾರದ ಸಭೆಯಲ್ಲಿಯೂ ಹೆಚ್ಚುಕಡಿಮೆ ಅದೇ ಪ್ರಶ್ನೆ ಬೇರೆ ಮಾತುಗಳಲ್ಲಿ ಏಳುತ್ತಿರುತ್ತದೆ. ನಾನು ಬೆಂಗಳೂರಿನಲ್ಲಿ ಹತ್ತು ವರ್ಷಗಳಿಂದ ಗ್ಲಯೋಮಾ ಎಂಬ ಮಿದುಳು ಗಡ್ಡೆಗಳ ಜೀನೋಮ್ ವಿಶ್ಲೇಷಣೆ ಮಾಡುತ್ತಿದ್ದೇನೆ. ಕಳೆದ ನಾಲ್ಕು ವರ್ಷಗಳಿಂದ ಅಪಸ್ಮಾರಕ್ಕಾಗಿ ಶಸ್ತ್ರಚಿಕಿತ್ಸೆಯಾದವರ ಮಾದರಿಗಳೂ ನಮ್ಮ ಗುಂಪಿಗೆ ಬರುತ್ತಿವೆ.

ಮೊದಲು ಲೆಕ್ಕವನ್ನು ನೋಡೋಣ. ಮನುಷ್ಯನ ಜೀನೋಮಿನಲ್ಲಿ ಸುಮಾರು 310 ಕೋಟಿ ಅಕ್ಷರಗಳಿವೆ. ಸೀಕ್ವೆನ್ಸಿಂಗ್ ಯಂತ್ರವು ಈ ಅಕ್ಷರಮಾಲೆಯನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಓದುವುದಿಲ್ಲ. 150 ಅಕ್ಷರಗಳ ತುಣುಕುಗಳನ್ನು ಓದಿ ಕೊಡುತ್ತದೆ. ಪ್ರತಿಯೊಂದು ಅಕ್ಷರವನ್ನೂ ಸರಾಸರಿ ಮೂವತ್ತು ಸಲ ಓದಬೇಕೆಂದರೆ ಸುಮಾರು 62 ಕೋಟಿ ತುಣುಕುಗಳು ಬೇಕಾಗುತ್ತವೆ. ಈ ತುಣುಕುಗಳನ್ನು ಆಧಾರ ಜೀನೋಮಿನ (ಎಲ್ಲರೂ ಹೋಲಿಕೆಗೆ ಬಳಸುವ ಮಾದರಿ ಜೀನೋಮಿನ) ಮೇಲೆ ಅವುಗಳ ಜಾಗದಲ್ಲಿ ಕೂರಿಸಿ, ರೋಗಿಯ ಅಕ್ಷರ ಎಲ್ಲಿ ಬೇರೆಯಾಗಿದೆ ಎಂದು ಹುಡುಕುವುದಕ್ಕೆ ಬಿಡಬ್ಲ್ಯುಎ, ಮ್ಯುಟೆಕ್ಟ್2 ಮುಂತಾದ ತಂತ್ರಾಂಶಗಳಿವೆ. ಅವನ್ನು ಓಡಿಸುವುದನ್ನು ಒಂದು ತಿಂಗಳಲ್ಲಿ ಯಾರು ಬೇಕಾದರೂ ಕಲಿಯಬಹುದು, ಮತ್ತು ಅಷ್ಟನ್ನೇ ಬಯೋಇನ್ಫರ್ಮ್ಯಾಟಿಕ್ಸ್ ಎಂದು ತಿಳಿದುಕೊಂಡವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಕೆಲಸ ಶುರುವಾಗುವುದು ಅದರ ಮುಂದೆ. ಯಂತ್ರವು ಸಾವಿರ ಅಕ್ಷರಗಳಿಗೆ ಒಂದು ತಪ್ಪು ಮಾಡುತ್ತದೆ ಎಂದು ಇಟ್ಟುಕೊಂಡರೂ, ಮೇಲಿನ ಲೆಕ್ಕದಲ್ಲಿ ಒಂಬತ್ತು ಕೋಟಿಗೂ ಹೆಚ್ಚು ತಪ್ಪು ಅಕ್ಷರಗಳು ಸೇರಿಕೊಳ್ಳುತ್ತವೆ. ಗ್ಲಯೋಬ್ಲಾಸ್ಟೋಮಾ ಎಂಬ ಅತಿ ಉಗ್ರ ಮಿದುಳು ಗಡ್ಡೆಯೊಂದರಲ್ಲಿ ಪ್ರೋಟೀನಿಗೆ ಸಂಬಂಧಿಸಿದ ಭಾಗದಲ್ಲಿರುವ ನಿಜವಾದ ಮ್ಯುಟೇಶನ್‌ಗಳು ಸಾಮಾನ್ಯವಾಗಿ ಹತ್ತಾರು ಮಾತ್ರ. (ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ಪರಿವರ್ತನೆ ಎನ್ನುತ್ತಾರೆ, ನಮ್ಮ ಲ್ಯಾಬುಗಳಲ್ಲಿ ಆ ಪದ ಬಳಸುವವರನ್ನು ನಾನು ಕಂಡಿಲ್ಲ.) ಕೋಟಿಗಟ್ಟಲೆ ಜೊಳ್ಳಿನ ನಡುವೆ ಹತ್ತಾರು ಕಾಳುಗಳನ್ನು ಆರಿಸಿಕೊಳ್ಳಬೇಕು, ಆರಿಸಿದ್ದು ಕಾಳೇ ಹೌದೆಂದು ಇನ್ನೊಬ್ಬರಿಗೆ ತೋರಿಸಿಕೊಡಲೂಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಶಸ್ತ್ರಚಿಕಿತ್ಸಕರು ತೆಗೆದುಕೊಟ್ಟ ತುಂಡಿನಲ್ಲಿ ಗಡ್ಡೆಯ ಜೀವಕೋಶಗಳು ನೂರಕ್ಕೆ ನಲವತ್ತು, ಉಳಿದವು ರಕ್ತನಾಳದ, ಪ್ರತಿರಕ್ಷೆಯ ಮತ್ತು ಸಾಧಾರಣ ಮಿದುಳಿನ ಕೋಶಗಳು ಎಂದುಕೊಳ್ಳಿ. ಜೀನಿನ ಎರಡು ಪ್ರತಿಗಳಲ್ಲಿ (ಅಪ್ಪನಿಂದ ಒಂದು, ಅಮ್ಮನಿಂದ ಒಂದು) ಒಂದರಲ್ಲಿ ಮಾತ್ರ ಇರುವ ಮ್ಯುಟೇಶನ್ ಆಗ ನೂರಕ್ಕೆ ಇಪ್ಪತ್ತು ರೀಡ್‌ಗಳಲ್ಲಿ, ಅಂದರೆ ಯಂತ್ರ ಓದಿದ ತುಣುಕುಗಳಲ್ಲಿ, ಕಾಣಿಸಬೇಕು. ಮೂವತ್ತು ಸಲ ಓದಿದ್ದರೆ ಆರು ರೀಡ್‌ಗಳು, ನೂರು ಸಲ ಓದಿದ್ದರೆ ಇಪ್ಪತ್ತು. ಆರು ರೀಡ್‌ಗಳನ್ನು ನಂಬಿ ಒಬ್ಬ ರೋಗಿಯ ಬಗ್ಗೆ ಮಾತಾಡುವಾಗ ಕೈ ನಡುಗಬೇಕು, ನಡುಗದಿದ್ದರೆ ಅವರು ಈ ಕೆಲಸಕ್ಕೆ ಹೊಸಬರು. ಆ ಆರೂ ಒಂದೇ ದಿಕ್ಕಿನ ಎಳೆಯಿಂದ ಬಂದಿವೆಯೇ, ಬದಲಾದ ಅಕ್ಷರ ಪ್ರತಿಸಲವೂ ತುಣುಕಿನ ತುದಿಯಲ್ಲೇ ಕೂತಿದೆಯೇ, ಅದೇ ತುಣುಕು ಜೀನೋಮಿನ ಇನ್ನೊಂದು ಜಾಗದಲ್ಲೂ ಹೊಂದುತ್ತದೆಯೇ ಎಂದು ಐಜಿವಿ ಎಂಬ ತಂತ್ರಾಂಶದಲ್ಲಿ ತೆರೆದು ಕಣ್ಣಾರೆ ನೋಡುತ್ತೇವೆ. ನನ್ನ ದಿನದ ಬಹುಪಾಲು ಹೀಗೆ ಬೂದುಬಣ್ಣದ ಪಟ್ಟಿಗಳನ್ನು ನೋಡುವುದರಲ್ಲೇ ಕಳೆಯುತ್ತದೆ ಎಂದರೆ ನಿಮ್ಮ ತಂದೆಯವರು ನಗಬಹುದು.

ಆದರೆ ಈ ನೋಟದಿಂದ ಏನಾಗುತ್ತದೆ ಎಂಬುದನ್ನೂ ಅವರಿಗೆ ಹೇಳಿ. 2008ರಲ್ಲಿ ಅಮೆರಿಕದ ಸಂಶೋಧಕರು 22 ಗ್ಲಯೋಬ್ಲಾಸ್ಟೋಮಾ ಗಡ್ಡೆಗಳಲ್ಲಿ 20,661 ಜೀನುಗಳನ್ನು ಓದಿದಾಗ, ಅಲ್ಲಿಯವರೆಗೆ ಕ್ಯಾನ್ಸರಿನ ಸಂದರ್ಭದಲ್ಲಿ ಯಾರೂ ಗಮನ ಕೊಡದಿದ್ದ ಐಡಿಎಚ್1 ಎಂಬ ಜೀನಿನಲ್ಲಿ, 132ನೆಯ ಅಮೈನೋ ಆಮ್ಲದ ಜಾಗದಲ್ಲಿಯೇ ಮತ್ತೆ ಮತ್ತೆ ಮ್ಯುಟೇಶನ್ ಕಂಡಿತು. ಅದು ಇದ್ದವರು ಹೆಚ್ಚಾಗಿ ಕಿರಿಯ ವಯಸ್ಸಿನವರು, ಮತ್ತು ಉಳಿದವರಿಗಿಂತ ಹೆಚ್ಚು ಕಾಲ ಬದುಕಿದ್ದರು. ಮರುವರ್ಷ, ಕೆಟ್ಟ ಐಡಿಎಚ್1 ಕಿಣ್ವವು 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ಬೇರೊಂದು ವಸ್ತುವನ್ನು ತಯಾರಿಸುತ್ತದೆ ಎಂಬುದು ಗೊತ್ತಾಯಿತು. ವಿಶ್ವ ಆರೋಗ್ಯ ಸಂಸ್ಥೆಯು 2021ರ ವರ್ಗೀಕರಣದಲ್ಲಿ ರೋಗದ ಹೆಸರನ್ನೇ ಬದಲಿಸಿತು: ವಯಸ್ಕರಲ್ಲಿ ಐಡಿಎಚ್ ಮ್ಯುಟೇಶನ್ ಇರುವ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ಅದು ಎಷ್ಟೇ ಉಗ್ರವಾಗಿ ಕಂಡರೂ ಈಗ ಗ್ಲಯೋಬ್ಲಾಸ್ಟೋಮಾ ಎಂದು ಕರೆಯುವುದಿಲ್ಲ. 2024ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಈ ಕಿಣ್ವವನ್ನು ತಡೆಯುವ ವೊರಾಸಿಡೆನಿಬ್ ಎಂಬ ಮಾತ್ರೆಗೆ, ಗ್ರೇಡ್ 2ರ ಐಡಿಎಚ್ ಗ್ಲಯೋಮಾ ಇರುವವರಿಗೆ ಶಸ್ತ್ರಚಿಕಿತ್ಸೆಯ ನಂತರ ಕೊಡಲು ಅನುಮತಿ ಸಿಕ್ಕಿತು. ಅಕ್ಷರಪಟ್ಟಿಯಿಂದ ಮಾತ್ರೆಯವರೆಗೆ ಹದಿನಾರು ವರ್ಷ ಹಿಡಿಯಿತು. ಮೊದಲ ಹೆಜ್ಜೆ ಇಟ್ಟದ್ದು ಕಂಪ್ಯೂಟರಿನ ಮುಂದೆ.

ಇನ್ನು ಎರಡು ಕ್ಷೇತ್ರಗಳು ಒಂದಾಗುವುದು ಹೇಗೆ ಎಂಬ ಪ್ರಶ್ನೆ. ನನ್ನ ಮಟ್ಟಿಗೆ ಇವೆರಡರ ನಡುವಿನ ಸಂಬಂಧವೂ ವ್ಯತ್ಯಾಸವೂ ಅಡಗಿರುವುದು, ನಾವು ರೋಗಿಯ ಜೀನೋಮನ್ನು ಯಾವುದರ ಜೊತೆ ಹೋಲಿಸುತ್ತೇವೆ ಎಂಬುದರಲ್ಲಿ. ಕ್ಯಾನ್ಸರಿನಲ್ಲಿ ಗಡ್ಡೆಯನ್ನು ಅದೇ ರೋಗಿಯ ರಕ್ತದ ಜೊತೆ ಹೋಲಿಸುತ್ತೇವೆ, ಏಕೆಂದರೆ ನಮಗೆ ಬೇಕಾದದ್ದು ಹುಟ್ಟಿನಿಂದ ಬಂದ ವ್ಯತ್ಯಾಸವಲ್ಲ, ಆಮೇಲೆ ಗಡ್ಡೆಯಲ್ಲಿ ಮಾತ್ರ ಉಂಟಾದದ್ದು. ಮಗುವಿನ ತೀವ್ರ ಅಪಸ್ಮಾರದಲ್ಲಿ ಮಗುವನ್ನು ಅಪ್ಪ ಅಮ್ಮನ ಜೊತೆ ಹೋಲಿಸುತ್ತೇವೆ. ಡ್ರಾವೆ ಸಿಂಡ್ರೋಮ್ ಇರುವ ಮಕ್ಕಳ ಎಸ್‌ಸಿಎನ್1ಎ ಜೀನಿನಲ್ಲಿ, ತಂದೆತಾಯಿ ಇಬ್ಬರಲ್ಲೂ ಇಲ್ಲದ ಮ್ಯುಟೇಶನ್ 2001ರಲ್ಲಿ ಸಿಕ್ಕಿದ್ದು ಹಾಗೆ. ಪಾರ್ಕಿನ್ಸನ್ ಅಥವಾ ಆಲ್‌ಝೈಮರ್‌ನಲ್ಲಿ ರೋಗಿಯ ತಂದೆತಾಯಿ ಸಾಮಾನ್ಯವಾಗಿ ಬದುಕಿರುವುದಿಲ್ಲ, ಆದ್ದರಿಂದ ಸಾವಿರಾರು ಆರೋಗ್ಯವಂತ ಅಪರಿಚಿತರ ಜೊತೆ ಹೋಲಿಸಬೇಕಾಗುತ್ತದೆ. ಉಪಕರಣ ಒಂದೇ, ಸಂಶಯಪಡುವ ರೀತಿಯೂ ಒಂದೇ. ಪಕ್ಕದಲ್ಲಿ ಇಟ್ಟುಕೊಳ್ಳುವ ಜೀನೋಮ್ ಮಾತ್ರ ಬೇರೆ. ಒಂದರಲ್ಲಿ ಪಳಗಿದವರು ಇನ್ನೊಂದಕ್ಕೆ ಹೋಗುವುದು ಅದಕ್ಕೇ ಸಹಜ.

ಉತ್ತರ: ನರರೋಗನಿದಾನ

ಎರಡೆಳೆ ಅವರು ಬರೆದಿರುವುದಕ್ಕೆ ವೈದ್ಯಳಾಗಿ ಕೆಲವು ಮಾತು ಸೇರಿಸಬೇಕೆನಿಸಿತು. ನಾನು ನರರೋಗಗಳ ಪ್ಯಾಥಾಲಜಿಯಲ್ಲಿ ಇರುವವಳು. ಇವರ ಕೈಗೆ ಕಡತವಾಗಿ ತಲುಪುವ ಮಾದರಿ ನನ್ನ ಕೈಗೆ ಮಾಂಸದ ತುಂಡಾಗಿ ಬರುತ್ತದೆ.

ಬಹುತೇಕ ಆಸ್ಪತ್ರೆಗಳಲ್ಲಿ ಗಡ್ಡೆಯ ತುಂಡನ್ನು ಫಾರ್ಮಲಿನ್‌ನಲ್ಲಿ ಹಾಕಿ, ಆಮೇಲೆ ಪ್ಯಾರಾಫಿನ್ ಮೇಣದಲ್ಲಿ ಕೂರಿಸಿ, ಬೆಲ್ಲದ ಅಚ್ಚಿನಂಥ ಪುಟ್ಟ ಬ್ಲಾಕ್‌ಗಳಾಗಿ ವರ್ಷಗಟ್ಟಲೆ ಇಡುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೋಡಲು ಇದಕ್ಕಿಂತ ಒಳ್ಳೆಯ ವಿಧಾನವಿಲ್ಲ, ಆದರೆ ಡಿಎನ್ಎಗೆ ಇದು ಒಳ್ಳೆಯದಲ್ಲ. ಫಾರ್ಮಲಿನ್ ಡಿಎನ್ಎಯನ್ನು ತುಂಡು ತುಂಡು ಮಾಡುತ್ತದೆ, ಸಾಲದೆಂಬಂತೆ ಸೈಟೋಸಿನ್ ಅಕ್ಷರ ಕೆಟ್ಟು, ಸೀಕ್ವೆನ್ಸಿಂಗ್ ಮಾಡಿದಾಗ "ಸಿ" ಇದ್ದಲ್ಲಿ "ಟಿ" ಎಂದು ಕಾಣಿಸುವ ಹಾಗೆ ಮಾಡುತ್ತದೆ. ತಮಾಷೆಯೆಂದರೆ ಐಡಿಎಚ್1ರಲ್ಲಿ ಅತಿ ಹೆಚ್ಚು ಕಾಣುವ ಮ್ಯುಟೇಶನ್ ಕೂಡ ಅದೇ ಜಾತಿಯದು. ಆದ್ದರಿಂದ ಹಳೆಯ ಬ್ಲಾಕಿನಿಂದ ಬಂದ ದತ್ತಾಂಶದಲ್ಲಿ ನೂರಕ್ಕೆ ಎರಡು ಮೂರು ರೀಡ್‌ಗಳಲ್ಲಿ ಇಂಥ ಬದಲಾವಣೆ ಕಂಡಾಗ, ಅದು ರೋಗದ್ದೋ ಫಾರ್ಮಲಿನ್‌ನದ್ದೋ ಎಂಬುದನ್ನು ಕಡತದಿಂದಷ್ಟೇ ಹೇಳಲಾಗದು. ನಮ್ಮ ಬಳಿ ಆರ್132ಎಚ್ ಎಂಬ ಆ ಅತಿ ಸಾಮಾನ್ಯ ಬದಲಾವಣೆಯಾದ ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯವಿದೆ. ಸ್ಲೈಡಿನ ಮೇಲೆ ಹಾಕಿದರೆ ಗಡ್ಡೆಯ ಕೋಶಗಳು ಕಂದುಬಣ್ಣಕ್ಕೆ ತಿರುಗುತ್ತವೆ, ಪಕ್ಕದ ರಕ್ತನಾಳದ ಕೋಶಗಳು ನೀಲಿಯಾಗಿಯೇ ಉಳಿಯುತ್ತವೆ. ಗ್ಲಯೋಮಾದ ಐಡಿಎಚ್ ಮ್ಯುಟೇಶನ್‌ಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟನ್ನು ಈ ಬಣ್ಣವೇ ಹಿಡಿದುಕೊಡುತ್ತದೆ. ಬಣ್ಣ ಬರಲಿಲ್ಲ, ಆದರೆ ರೋಗಿಯ ವಯಸ್ಸು 55ಕ್ಕಿಂತ ಕಡಿಮೆ ಎಂದಾದರೆ, ಉಳಿದ ಹತ್ತರಲ್ಲೊಂದನ್ನು ಹುಡುಕಲು ಸೀಕ್ವೆನ್ಸಿಂಗ್ ಬೇಕೇ ಬೇಕು. ಆಗ ನಾನು ಎರಡೆಳೆಯಂಥವರ ಬಾಗಿಲು ತಟ್ಟುತ್ತೇನೆ.

ಎರಡು ಕ್ಷೇತ್ರಗಳ ನಡುವಿನ ಸೇತುವೆಯ ಬಗ್ಗೆ ಒಂದು ಪ್ರಕರಣವನ್ನು ನೀವು ಓದಲೇಬೇಕು. ಫೋಕಲ್ ಕಾರ್ಟಿಕಲ್ ಡಿಸ್‌ಪ್ಲೇಸಿಯಾ ಎಂದರೆ ಮಿದುಳಿನ ಹೊರಪದರದ ಒಂದು ಸಣ್ಣ ಭಾಗ ಗರ್ಭದಲ್ಲಿಯೇ ತಪ್ಪಾಗಿ ರೂಪುಗೊಂಡಿರುವುದು. ಔಷಧಕ್ಕೆ ಬಗ್ಗದ ಫಿಟ್ಸ್ ಇರುವ ಎಷ್ಟೋ ಮಕ್ಕಳಿಗೆ ಆ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾಗುತ್ತದೆ. ಈ ಮಕ್ಕಳ ರಕ್ತವನ್ನು ಎಷ್ಟು ಓದಿದರೂ ಕಾರಣ ಸಿಗುತ್ತಿರಲಿಲ್ಲ. 2015ರಲ್ಲಿ ಕೊರಿಯಾದ ಸಂಶೋಧಕರು ತೆಗೆದ ಮಿದುಳಿನ ತುಂಡನ್ನೇ ಬಹಳ ಆಳವಾಗಿ ಓದಿ, ಕ್ಯಾನ್ಸರಿನಲ್ಲಿ ಮಾಡುವಂತೆ ರಕ್ತದ ಜೊತೆ ಹೋಲಿಸಿದಾಗ, ಎಂಟಿಒಆರ್ ಎಂಬ ಜೀನಿನಲ್ಲಿ ಮ್ಯುಟೇಶನ್ ಕಂಡಿತು. ಅದು ಇದ್ದದ್ದು ನೂರಕ್ಕೆ ಒಂದರಿಂದ ಹನ್ನೆರಡರಷ್ಟು ಪ್ರತಿಗಳಲ್ಲಿ ಮಾತ್ರ. ಭ್ರೂಣದ ಮಿದುಳು ಬೆಳೆಯುವಾಗ ಒಂದು ಕೋಶದಲ್ಲಾದ ತಪ್ಪು ಅದರ ಸಂತತಿಯಲ್ಲಷ್ಟೇ ಮುಂದುವರಿದಿತ್ತು. ರೋಗ ನರರೋಗ, ಹುಡುಕಿದ ವಿಧಾನ ಕ್ಯಾನ್ಸರಿನದು, ಸಿಕ್ಕ ಜೀನು ಕ್ಯಾನ್ಸರಿನವರಿಗೆ ಹಳೆಯ ಪರಿಚಯದ್ದು. ಎಂಟಿಒಆರ್ ಕೆಲಸ ಮಾಡುವ ದಾರಿಯನ್ನೇ ತಡೆಯುವ ಎವೆರೊಲಿಮಸ್ ಔಷಧವನ್ನು ಮೂತ್ರಪಿಂಡದ ಕ್ಯಾನ್ಸರಿಗೂ ಕೊಡುತ್ತಾರೆ, ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಆನುವಂಶಿಕ ರೋಗದಿಂದ ಬರುವ ಫಿಟ್ಸ್‌ಗೂ ಕೊಡುತ್ತಾರೆ.

ನಮ್ಮ ನೆಲದ್ದೇ ಆದ ಇನ್ನೊಂದು ರೋಗವನ್ನು ಹೇಳದಿದ್ದರೆ ತಪ್ಪಾದೀತು. ತಲೆಯ ಮೇಲೆ ಬಿಸಿನೀರು ಹುಯ್ದುಕೊಂಡಾಗ ಬರುವ ಫಿಟ್ಸ್ ಅನ್ನು ಮೈಸೂರು, ಚಾಮರಾಜನಗರದ ಕಡೆಯವರು ಖಂಡಿತ ಕೇಳಿರುತ್ತೀರಿ. ಬಿಸಿನೀರಿನ ಅಪಸ್ಮಾರ ಎಂಬ ಇದು ಜಗತ್ತಿನ ಬೇರೆಡೆಗಿಂತ ದಕ್ಷಿಣ ಕರ್ನಾಟಕದಲ್ಲಿ ಎದ್ದು ಕಾಣುವಷ್ಟು ಹೆಚ್ಚು. ಒಂದೇ ಮನೆತನದಲ್ಲಿ ಹಲವರಿಗೆ ಇರುವುದರಿಂದ, ದಕ್ಷಿಣ ಭಾರತದ ಕುಟುಂಬಗಳ ಅಧ್ಯಯನದಿಂದ 10ನೆಯ ಮತ್ತು 4ನೆಯ ವರ್ಣತಂತುಗಳಲ್ಲಿ ಇದಕ್ಕೆ ಸಂಬಂಧಿಸಿದ ಪ್ರದೇಶಗಳನ್ನು ಗುರುತಿಸಿದ್ದಾರೆ. ಇಲ್ಲಿ ಗಡ್ಡೆಯೂ ಇಲ್ಲ, ಬ್ಲಾಕೂ ಇಲ್ಲ. ಮೂರು ತಲೆಮಾರಿನ ವಂಶವೃಕ್ಷವನ್ನು ಮನೆಯಂಗಳದಲ್ಲಿ ಕೂತು ಬರೆದುಕೊಳ್ಳುವುದೇ ಮೊದಲ ದತ್ತಾಂಶ. "ನಿಮ್ಮ ಅತ್ತೆಗೆ ಸ್ನಾನದ ಮನೆಯಲ್ಲಿ ಹೀಗೆ ಆಗುತ್ತಿತ್ತೇ?" ಎಂದು ಕೇಳಲು ಬಾರದವರಿಗೆ ಈ ರೋಗದ ಜೀನೋಮಿಕ್ಸ್ ಒಲಿಯುವುದಿಲ್ಲ.

ಉತ್ತರ: ನೆಕರ್ ದಂಡೆ

ನಾನು ದಾವಣಗೆರೆಯವನು, ಏಳು ವರ್ಷ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿದು ಈ ಕಡೆ ಬಂದವನು, ಈಗ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿದ್ದೇನೆ. ಪ್ರೋಗ್ರಾಮಿಂಗ್ ಮೊದಲೋ ಜೀವವಿಜ್ಞಾನ ಮೊದಲೋ ಎಂದರೆ, ಪ್ರೋಗ್ರಾಮಿಂಗ್ ಮತ್ತು ಸಂಖ್ಯಾಶಾಸ್ತ್ರ ಎಂದು ಸಂಕೋಚವಿಲ್ಲದೆ ಹೇಳುತ್ತೇನೆ. ಜೀವವಿಜ್ಞಾನವನ್ನು ಪ್ರಬಂಧಗಳಿಂದ ಓದಿ ಕಲಿಯಬಹುದು. ಇಪ್ಪತ್ತೆಂಟು ವರ್ಷದ ನಂತರ ಸಂಖ್ಯಾಶಾಸ್ತ್ರ ಕಲಿಯುವವರ ಪಾಡನ್ನು ನಾನು ನೋಡಿದ್ದೇನೆ.

ಈ ಊರಿನಿಂದಲೇ ಒಂದು ಉದಾಹರಣೆ. ಮಿದುಳು ಗಡ್ಡೆಗಳನ್ನು ಅಕ್ಷರಗಳಿಂದಲ್ಲ, ಡಿಎನ್ಎಯ ಮೇಲೆ ಎಲ್ಲೆಲ್ಲಿ ಮೀಥೈಲ್ ಗುಂಪುಗಳು ಕೂತಿವೆ ಎಂಬುದರಿಂದ ಗುರುತಿಸುವ ವಿಧಾನವನ್ನು ಇಲ್ಲಿಯ ಸಂಶೋಧಕರು 2018ರಲ್ಲಿ ಪ್ರಕಟಿಸಿದರು. 2,801 ಮಾದರಿಗಳಿಂದ ಕಲಿತ ರ‍್ಯಾಂಡಮ್ ಫಾರೆಸ್ಟ್ ಎಂಬ ಗಣಕ ವಿಧಾನವು ಗಡ್ಡೆಗಳನ್ನು 82 ವರ್ಗಗಳಲ್ಲಿ ಒಂದಕ್ಕೆ ಸೇರಿಸುತ್ತದೆ. ಹೊಸ ರೋಗಿಗಳ ಮೇಲೆ ಪರೀಕ್ಷಿಸಿದಾಗ ನೂರಕ್ಕೆ ಹನ್ನೆರಡರಷ್ಟು ಪ್ರಕರಣಗಳಲ್ಲಿ ಮೊದಲಿನ ರೋಗನಿರ್ಣಯವೇ ಬದಲಾಯಿತು.

ಆದರೆ ಗಣಕ ಕಲಿತವರು ಎಡವುವುದೂ ಇಲ್ಲೇ, ಅದಕ್ಕೆ ನಾನೇ ಸಾಕ್ಷಿ. ಹಿಂದೆ ನಾನಿದ್ದ ಒಂದು ಗುಂಪಿನಲ್ಲಿ ಮರಣೋತ್ತರ ಮಿದುಳಿನ ಮಾದರಿಗಳ ಆರ್‌ಎನ್‌ಎ ವಿಶ್ಲೇಷಣೆ ಮಾಡುತ್ತಿದ್ದೆವು. ಪಾರ್ಕಿನ್ಸನ್ ಇದ್ದವರ ಮತ್ತು ಇಲ್ಲದವರ ಮಾದರಿಗಳು ಚಿತ್ರದಲ್ಲಿ ಎರಡು ಗುಂಪುಗಳಾಗಿ, ಅಡಿಕೆ ಕತ್ತರಿಯಿಂದ ಸೀಳಿದಂತೆ ಬೇರ್ಪಟ್ಟವು. ಮೂರು ತಿಂಗಳು ಹಿಗ್ಗಿದೆವು, ಪ್ರಬಂಧದ ಕರಡನ್ನೂ ಬರೆದೆವು. ಆಮೇಲೆ ಲ್ಯಾಬಿನ ನೋಟ್‌ಬುಕ್ ತೆರೆದು ನೋಡಿದರೆ, ರೋಗಿಗಳ ಆರ್‌ಎನ್‌ಎಯನ್ನು ಮಾರ್ಚ್‌ನಲ್ಲಿ ಒಂದು ಕಿಟ್‌ನಿಂದ, ಉಳಿದವರದ್ದನ್ನು ಜೂನ್‌ನಲ್ಲಿ ಇನ್ನೊಂದು ಕಿಟ್‌ನಿಂದ ತೆಗೆದಿದ್ದರು. ನಾವು ಕಂಡುಹಿಡಿದದ್ದು ಪಾರ್ಕಿನ್ಸನ್ ಅಲ್ಲ, ಜೂನ್ ತಿಂಗಳು. ರೋಗವೂ ಕಿಟ್ಟೂ ಪೂರ್ತಿಯಾಗಿ ಒಂದರೊಳಗೊಂದು ಹೆಣೆದುಕೊಂಡ ಮೇಲೆ ಯಾವ ಸಂಖ್ಯಾಶಾಸ್ತ್ರವೂ ಅವನ್ನು ಬಿಡಿಸಿಕೊಡಲಾರದು. ಆ ದತ್ತಾಂಶವನ್ನು ಕೈಬಿಟ್ಟೆವು.

ಇನ್ನೊಂದು ಸಣ್ಣ ಸಂಗತಿ: ಜೀನುಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆಯಬೇಡಿ. ಸೆಪ್ಟ್2 ಎಂಬ ಜೀನು ಸೆಪ್ಟೆಂಬರ್ 2 ಎಂಬ ತಾರೀಖಾಗಿ ಬದಲಾಗುತ್ತಿತ್ತು. ಈ ಕಾಟ ತಾಳಲಾರದೆ 2020ರಲ್ಲಿ ಜೀನುಗಳ ನಾಮಕರಣ ಸಮಿತಿಯವರು ಜೀನಿನ ಹೆಸರನ್ನೇ ಸೆಪ್ಟಿನ್2 ಎಂದು ಬದಲಿಸಿದರು. ತಂತ್ರಾಂಶಕ್ಕೆ ಹೆದರಿ ಜೀನು ಹೆಸರು ಬದಲಿಸಿಕೊಂಡಿತು ಎಂದು ನಾವು ಇಂದಿಗೂ ನಗುತ್ತೇವೆ.

ಉತ್ತರ: ನರರೋಗನಿದಾನ

ನೆಕರ್ ದಂಡೆಯವರೇ, ನಿಮ್ಮ ಉದಾಹರಣೆ ನಿಮ್ಮ ವಾದವನ್ನೇ ಅಲ್ಲಗಳೆಯುತ್ತಿದೆಯಲ್ಲ! ಆ ಮೂರು ತಿಂಗಳು ಉಳಿಯುತ್ತಿದ್ದದ್ದು ಸಂಖ್ಯಾಶಾಸ್ತ್ರದಿಂದಲ್ಲ, ಮೊದಲ ದಿನವೇ ಲ್ಯಾಬಿನವರ ಜೊತೆ ಅರ್ಧ ಗಂಟೆ ಮಾತಾಡಿದ್ದರೆ. ಮರಣೋತ್ತರ ಮಿದುಳಿನಲ್ಲಿ ಸಾವಿಗೂ ಮಿದುಳನ್ನು ತೆಗೆದದ್ದಕ್ಕೂ ನಡುವೆ ಎಷ್ಟು ಗಂಟೆ ಕಳೆದಿತ್ತು, ಅಂಗಾಂಶದ ಆಮ್ಲೀಯತೆ ಎಷ್ಟಿತ್ತು ಎಂಬುದನ್ನು ಕೇಳದೆ ಆರ್‌ಎನ್‌ಎ ಕಡತ ತೆರೆಯುವುದು, ರೋಗಿಯ ವಯಸ್ಸು ಕೇಳದೆ ಔಷಧ ಬರೆದ ಹಾಗೆ. ಬೆಂಗಳೂರಿನ ನಿಮ್ಹಾನ್ಸ್‌ನ ಮಿದುಳು ಬ್ಯಾಂಕಿನಲ್ಲಿ ದಾನವಾಗಿ ಬಂದ ಮಿದುಳುಗಳನ್ನು 1995ರಿಂದ ಸಂಶೋಧನೆಗಾಗಿ ಕಾಪಾಡಿಕೊಂಡು ಬಂದಿದ್ದಾರೆ. ಇಂಥ ಕಡೆ ಮಾದರಿಯಷ್ಟೇ ಬೆಲೆ ಅದರ ಜೊತೆಗಿರುವ ಕಾಗದಕ್ಕೂ ಇರುತ್ತದೆ. ತುಂಗಾತೀರ ಅವರು ಆ ಸಂಸ್ಥೆಯ ಮಿದುಳು ಸಂಗ್ರಹಾಲಯವನ್ನು ಬಿಡುವಾದಾಗ ನೋಡಿಕೊಂಡು ಬರಲಿ.

ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ಅಪ್ಪನಿಗೆ ಐಡಿಎಚ್1 ಕತೆ ಹೇಳಿದೆ. "ಹಾಗಾದರೆ ಅದು ಹದಿನಾರು ವರ್ಷದ ಬೇಸಾಯ" ಎಂದರು.

ಇನ್ನೊಂದು ಸಂದೇಹವಿದೆ. ಆರೋಗ್ಯವಂತ ಅಪರಿಚಿತರ ಜೊತೆ ಹೋಲಿಸುತ್ತೇವೆ ಎಂದು ಎರಡೆಳೆ ಸರ್ ಬರೆದಿದ್ದಾರೆ. ಆ ಅಪರಿಚಿತರಲ್ಲಿ ನಮ್ಮವರು ಎಷ್ಟು ಮಂದಿ ಇದ್ದಾರೆ? ಮತ್ತು ಪಿಎಚ್.ಡಿ.ಗೆ ಮುಂಚೆ ಮನೆಯಲ್ಲೇ ಕೂತು ಅಭ್ಯಾಸ ಮಾಡಲು ನಿಜವಾದ ದತ್ತಾಂಶ ಸಿಗುತ್ತದೆಯೇ?

ಉತ್ತರ: ಎರಡೆಳೆ

ನಾವು ಎಲ್ಲರೂ ದಿನವೂ ಬಳಸುವ ನೋಮ್ಯಾಡ್ ಎಂಬ ಜಾಗತಿಕ ಸಂಗ್ರಹದ ನಾಲ್ಕನೆಯ ಆವೃತ್ತಿಯಲ್ಲಿ 8,07,162 ಜನರ ದತ್ತಾಂಶವಿದೆ. ಅದರಲ್ಲಿ ದಕ್ಷಿಣ ಏಷ್ಯಾ ಮೂಲದವರು ನೂರಕ್ಕೆ ಆರರೊಳಗೆ. ಇದರ ಪರಿಣಾಮ ನನ್ನ ಮೇಜಿನ ಮೇಲೆ ಹೀಗೆ ಕಾಣಿಸುತ್ತದೆ: ಅಪಸ್ಮಾರದ ಮಗುವಿನಲ್ಲಿ ಒಂದು ಅಪರೂಪದ ಬದಲಾವಣೆ ಸಿಗುತ್ತದೆ, ಸಂಗ್ರಹದಲ್ಲಿ ಅದು ಯಾರಲ್ಲೂ ಇಲ್ಲ, ಆದ್ದರಿಂದ ಅದೇ ರೋಗಕಾರಣ ಎನಿಸುತ್ತದೆ. ಆದರೆ ಅದು ಆ ಮಗುವಿನ ಸಮುದಾಯದಲ್ಲಿ ಐವತ್ತರಲ್ಲಿ ಒಬ್ಬರಿಗೆ ಇರುವ ನಿರುಪದ್ರವಿ ವ್ಯತ್ಯಾಸವಾಗಿರಬಹುದು, ಏಕೆಂದರೆ ನಮ್ಮಲ್ಲಿ ಒಳಬಾಂಧವ್ಯದ ಮದುವೆಗಳು ಹೆಚ್ಚು, ಸಮುದಾಯಗಳು ತಲೆತಲಾಂತರದಿಂದ ಬೇರೆ ಬೇರೆಯಾಗಿಯೇ ಉಳಿದಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು ಮುನ್ನಡೆಸಿದ ಜೀನೋಮ್ ಇಂಡಿಯಾ ಯೋಜನೆ ಹುಟ್ಟಿಕೊಂಡದ್ದು ಈ ಕೊರತೆಯನ್ನು ತುಂಬಲು. 83 ಜನಸಮುದಾಯಗಳಿಂದ ಸುಮಾರು 10,000 ಜನರ ಜೀನೋಮ್‌ಗಳನ್ನು ಓದಿ, ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿ ಇಟ್ಟು, 2025ರ ಜನವರಿಯಲ್ಲಿ ಸಂಶೋಧಕರಿಗೆ ಒದಗಿಸಿದರು. ಅದೇ ಮಿದುಳು ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ಮಿದುಳಿನ ಆರೋಗ್ಯವನ್ನು ವರ್ಷಗಳ ಕಾಲ ಗಮನಿಸುವ ಅಧ್ಯಯನವನ್ನೂ ನಡೆಸುತ್ತಿದ್ದಾರೆ.

ಸಮುದಾಯ ಗೊತ್ತಿರುವುದು ಎಷ್ಟು ಮುಖ್ಯ ಎಂಬುದಕ್ಕೆ ಎಸ್‌ಸಿಎ12 ಎಂಬ ನಡುಕದ ರೋಗ ಒಳ್ಳೆಯ ಸಾಕ್ಷಿ. 1999ರಲ್ಲಿ ಅದು ಮೊದಲು ವರದಿಯಾದದ್ದು ಜರ್ಮನ್ ಮೂಲದ ಅಮೆರಿಕನ್ ಕುಟುಂಬವೊಂದರಲ್ಲಿ. ಆಮೇಲೆ ಅತಿ ಹೆಚ್ಚು ರೋಗಿಗಳು ಸಿಕ್ಕಿದ್ದು ಉತ್ತರ ಭಾರತದ ಅಗರವಾಲ್ ಸಮುದಾಯದಲ್ಲಿ. ಇದರಲ್ಲಿ ಅಕ್ಷರ ಬದಲಾಗುವುದಿಲ್ಲ, "ಸಿಎಜಿ" ಎಂಬ ಮೂರಕ್ಷರ ತೊದಲಿದಂತೆ ಮತ್ತೆ ಮತ್ತೆ ಬರುತ್ತದೆ. ಇಂಥ ತೊದಲು 150 ಅಕ್ಷರಗಳ ತುಣುಕಿಗಿಂತ ಉದ್ದವಾದರೆ ತುಣುಕಿಗೆ ಆಚೆ ಈಚೆಯ ದಡ ಸಿಗುವುದಿಲ್ಲ, ತಂತ್ರಾಂಶ ಅದನ್ನು ಎಲ್ಲಿ ಕೂರಿಸಬೇಕೆಂದು ತಿಳಿಯದೆ ಎಸೆದುಬಿಡುತ್ತದೆ. ಕ್ಯಾನ್ಸರಿನಿಂದ ನರರೋಗಕ್ಕೆ ಬಂದವರು ಮೊದಲು ಎಡವುವ ಕಲ್ಲು ಇದು. ನಾನೂ ಎಡವಿದ್ದೇನೆ.

ಅಭ್ಯಾಸಕ್ಕೆ: ರೋಗಿಗಳ ಕಚ್ಚಾ ದತ್ತಾಂಶಕ್ಕೆ ಅನುಮತಿ ಬೇಕು, ಅದು ಸರಿಯೂ ಹೌದು. ಆದರೆ ಲ್ಯಾಬಿನಲ್ಲಿ ಬೆಳೆಸುವ ಕ್ಯಾನ್ಸರ್ ಕೋಶಗಳ ದತ್ತಾಂಶ ಎಸ್‌ಆರ್‌ಎ ಸಂಗ್ರಹದಲ್ಲಿ ಎಲ್ಲರಿಗೂ ಸಿಗುತ್ತದೆ. ಐಡಿಎಚ್ ಗ್ಲಯೋಮಾದ ಕೋಶಗಳು ತಟ್ಟೆಯಲ್ಲಿ ಬೆಳೆಯಲು ಬಹಳ ಸತಾಯಿಸುತ್ತವೆ, ಆದ್ದರಿಂದ ಎಚ್‌ಟಿ-1080 ಎಂಬ ಬೇರೆ ಕ್ಯಾನ್ಸರಿನ ಕೋಶಸಾಲಿನಿಂದ ಆರಂಭಿಸಿ. ಅದರ ಐಡಿಎಚ್1ರಲ್ಲಿ ಅದೇ 132ನೆಯ ಜಾಗದ ಆರ್132ಸಿ ಎಂಬ ಮ್ಯುಟೇಶನ್ ಇದೆ. ಕೋಶಸಾಲು ಎಂದರೆ ಕಣ್ಣು ಮುಚ್ಚಿ ನಂಬಬಹುದು ಎಂದಲ್ಲ. ಸಾವಿರಾರು ಪ್ರಬಂಧಗಳಲ್ಲಿ ಬಳಸಿದ ಯು87 ಎಂಬ ಗ್ಲಯೋಬ್ಲಾಸ್ಟೋಮಾ ಸಾಲು, ಸ್ವೀಡನ್ನಿನ ಉಪ್ಸಾಲಾದಲ್ಲಿ 1960ರ ದಶಕದಲ್ಲಿ ಅದು ಹುಟ್ಟಿತೆನ್ನಲಾದ ಮೂಲ ರೋಗಿಯದ್ದಲ್ಲ ಎಂಬುದು 2016ರಲ್ಲಿ ಡಿಎನ್ಎ ಹೋಲಿಕೆಯಿಂದ ಬಯಲಾಯಿತು. ಎಚ್‌ಟಿ-1080ರ ಕಡತ ಇಳಿಸಿಕೊಂಡು, ಆ ಮ್ಯುಟೇಶನ್ ನಿಮ್ಮ ಕಣ್ಣಿಗೆ ಬಿದ್ದ ಮೇಲೆ ಇಲ್ಲಿಗೆ ಬರೆಯಿರಿ.

ತುಂಗಾತೀರ (ಮೂರು ವಾರಗಳ ನಂತರ)

ಸರ್, ಕಡತ ಇಳಿಸಿಕೊಂಡು ಬಿಡಬ್ಲ್ಯುಎಯಿಂದ ಕೂರಿಸಿ ಐಜಿವಿಯಲ್ಲಿ ತೆರೆದಿದ್ದೇನೆ. ನಮ್ಮ ಕಾಲೇಜಿನ ಕಂಪ್ಯೂಟರಿಗೆ ಎರಡು ರಾತ್ರಿ ಹಿಡಿಯಿತು. ಒಂದು ಹಳೆಯ ಪ್ರಬಂಧದಲ್ಲಿ ಕೊಟ್ಟಂತೆ 2ನೆಯ ವರ್ಣತಂತುವಿನ 20,91,13,113ನೆಯ ಅಕ್ಷರಕ್ಕೆ ಹೋದೆ. ಅಲ್ಲಿ ಐಡಿಎಚ್1 ಜೀನೇ ಕಾಣಿಸುತ್ತಿಲ್ಲ, ರೀಡ್‌ಗಳಲ್ಲಿ ಯಾವ ಬದಲಾವಣೆಯೂ ಇಲ್ಲ. ನಾನು ಎಲ್ಲಿ ತಪ್ಪಿದೆ?

ಉತ್ತರ: ನೆಕರ್ ದಂಡೆ

ನೀವು ತಪ್ಪಿಲ್ಲ, ನಕ್ಷೆ ಬದಲಾಗಿದೆ. ಹಳೆಯ ಪ್ರಬಂಧ ಬಳಸಿದ್ದು 2009ರ ಜಿಆರ್‌ಸಿಎಚ್37 ಆಧಾರ ಜೀನೋಮ್. ನೀವು ಕೂರಿಸಿದ್ದು ಬಹುಶಃ 2013ರ ಜಿಆರ್‌ಸಿಎಚ್38ರ ಮೇಲೆ. ನಡುವೆ ಆ ವರ್ಣತಂತುವಿನಲ್ಲಿ ತಿದ್ದುಪಡಿಗಳಾಗಿ, ಈ ಜಾಗ 8,64,724 ಅಕ್ಷರಗಳಷ್ಟು ಹಿಂದೆ ಸರಿದಿದೆ. 20,82,48,389ಕ್ಕೆ ಹೋಗಿ ನೋಡಿ. ನಮ್ಮಲ್ಲಿ ಸರ್ವೆ ನಂಬರ್ ಬದಲಾದ ಮೇಲೆ ಹಳೆಯ ಪಹಣಿ ಹಿಡಿದು ಜಮೀನು ಹುಡುಕಿದ ಹಾಗೆ ಆಗಿದೆ.

ತುಂಗಾತೀರ

ಸಿಕ್ಕಿತು! ಬೂದುಬಣ್ಣದ ಪಟ್ಟಿಗಳ ನಡುವೆ ಒಂದೇ ಸಾಲಿನಲ್ಲಿ ಹಸಿರು ಚುಕ್ಕೆಗಳು ಮೇಲಿನಿಂದ ಕೆಳಗಿನವರೆಗೆ ನಿಂತಿವೆ. ಹೆಚ್ಚುಕಡಿಮೆ ಅರ್ಧದಷ್ಟು ರೀಡ್‌ಗಳಲ್ಲಿ ಇದೆ, ಎರಡೂ ದಿಕ್ಕಿನ ರೀಡ್‌ಗಳಲ್ಲೂ ಇದೆ, ಅಕ್ಷರ ತುಣುಕಿನ ತುದಿಯಲ್ಲೂ ಇಲ್ಲ. ರಾತ್ರಿ ಹನ್ನೊಂದಕ್ಕೆ ಅಮ್ಮನನ್ನು ಎಬ್ಬಿಸಿ ತೋರಿಸಿದೆ.

ಆದರೆ ಒಂದು ಗೊಂದಲ ಉಳಿದಿದೆ. ಪ್ರಬಂಧದಲ್ಲಿ "ಸಿ" ಹೋಗಿ "ಟಿ" ಆಗಿದೆ ಎಂದು ಬರೆದಿದ್ದಾರೆ. ನನ್ನ ಪರದೆಯ ಮೇಲೆ "ಜಿ" ಹೋಗಿ "ಎ" ಆಗಿದೆ. ಇದು ಬೇರೆ ಮ್ಯುಟೇಶನ್ನೇ?

ಉತ್ತರ: ಎರಡೆಳೆ

ಅದೇ ಮ್ಯುಟೇಶನ್. ಐಡಿಎಚ್1 ಜೀನು ಡಿಎನ್ಎಯ ಹಿಮ್ಮುಖ ಎಳೆಯ ಮೇಲೆ ಬರೆದಿದೆ, ಐಜಿವಿ ಯಾವಾಗಲೂ ಮುಮ್ಮುಖ ಎಳೆಯನ್ನೇ ತೋರಿಸುತ್ತದೆ. ಪ್ರಬಂಧದವರು ಜೀನಿನ ಕಡೆಯಿಂದ ಓದಿ ಸಿ-ಟಿ ಎಂದಿದ್ದಾರೆ, ನೀವು ಎದುರು ಎಳೆಯಿಂದ ಓದಿ ಜಿ-ಎ ಎಂದಿದ್ದೀರಿ. ಸಿ ಎದುರಿಗೆ ಜಿ, ಟಿ ಎದುರಿಗೆ ಎ. ಈಗ ಅದರ ಪಕ್ಕದ 20,82,48,388ನೆಯ ಅಕ್ಷರವನ್ನೂ ನೋಡಿ. ಅಲ್ಲಿ ಎಲ್ಲ ರೀಡ್‌ಗಳಲ್ಲೂ "ಸಿ" ಇರಬೇಕು. ಐಡಿಎಚ್ ಮ್ಯುಟೇಶನ್ ಇರುವ ಮಿದುಳು ಗಡ್ಡೆಯ ರೋಗಿಗಳಲ್ಲಿ ಹತ್ತರಲ್ಲಿ ಒಂಬತ್ತು ಸಲ ಬದಲಾಗುವುದು ಆ ಅಕ್ಷರ, ನರರೋಗನಿದಾನ ಮೇಡಂ ಅವರ ಸ್ಲೈಡಿನಲ್ಲಿ ಕಂದುಬಣ್ಣ ಬರುವುದು ಅದರಿಂದ.